ಬುಗುರಿಯ ಎರಡು ನಿಮಿಷ

ನಾಳೆ ಶಾಲೆಯಲ್ಲಿ ಬುಗುರಿ ಎರಡು ನಿಮಿಷ ಮಾತಾಡಬೇಕಂತೆ, ಹೃದಯ ಹೇಗೆ ಕೆಲಸ ಮಾಡುತ್ತದೆ ಅನ್ನುವುದೇ ವಿಷಯವಂತೆ, ಅದನ್ನು ಹೇಳಿಕೊಡಲು ನಿನಗಿಂತ ಬೇರೆ ಯಾರು ಬೇಕು, ಊಟಕ್ಕೇ ಬಂದುಬಿಡು ಎಂದು ಅತ್ತಿಗೆ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿ ಇಟ್ಟಾಗಿನಿಂದ ಅವಳಿಗೆ ಕೈಗೆ ಕೆಲಸ ಹತ್ತಲಿಲ್ಲ. ಭಾನುವಾರ. ಒಗೆದ ಬಟ್ಟೆಯನ್ನೇ ಮತ್ತೆ ಬಕೆಟ್ಟಿಗೆ ಹಾಕಿದಳು. ತಲೆನೋವು ಎನ್ನಬಹುದಿತ್ತು, ಡ್ಯೂಟಿ ಎನ್ನಬಹುದಿತ್ತು. ಆ ಎರಡು ನೆಪಗಳನ್ನೂ ಹಿಂದಿನ ಎರಡು ಭಾನುವಾರಗಳಿಗೆ ಬಳಸಿ ಆಗಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಅಣ್ಣನ ಏಳು ವರ್ಷದ ಮಗಳಿಗೆ ಹೃದಯವನ್ನು ಹೇಗೆ ವಿವರಿಸುವುದು ಎಂದೇ ತಾನು ಯೋಚಿಸುತ್ತಿರುವುದು ಎಂದು ತನ್ನನ್ನು ತಾನೇ ನಂಬಿಸಲು ನೋಡಿದಳು. ಅದೇನು ಬ್ರಹ್ಮವಿದ್ಯೆಯೇ? ಹದಿನೆಂಟು ವರ್ಷದಿಂದ ಆಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಜನರ ಎದೆಗೆ ತಂತಿ ಹಚ್ಚಿ ಇಸಿಜಿ ತೆಗೆಯುವವಳು ಅವಳು. ದಿನಕ್ಕೆ ನಲವತ್ತು ಎದೆ. ಹೃದಯದ ವಿಷಯದಲ್ಲಿ ಅವಳಿಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದು ಅಣ್ಣನ ಮನೆಯವರ ನಂಬಿಕೆ. ಆಸ್ಪತ್ರೆಯವರಿಗೆ ಅಂಥ ನಂಬಿಕೆಯೇನೂ ಇಲ್ಲ. ಎದೆಗೆ ಸವರುವ ತಣ್ಣನೆಯ ಜೆಲ್ಲಿನ ಡಬ್ಬಿ ಸದಾ ಕೈಯಲ್ಲಿರುವುದರಿಂದ ಅಲ್ಲಿ ಅವಳನ್ನು ಜೆಲ್ಲಕ್ಕ ಎನ್ನುತ್ತಾರೆ. ರೋಗಿಗಳು ಸಿಸ್ಟರ್ ಎನ್ನುತ್ತಾರೆ. ತಾನು ನರ್ಸ್ ಅಲ್ಲ ಎಂದು ತಿದ್ದುವುದನ್ನು ಅವಳು ಯಾವತ್ತೋ ಬಿಟ್ಟಿದ್ದಳು.

ಅಣ್ಣ ಮುಂದಿನ ಕೋಣೆಯಲ್ಲಿ ಕಿಟಕಿಗೆ ಎಳೆದುಹಾಕಿದ ಕುರ್ಚಿಯಲ್ಲಿದ್ದ. ನಾಲ್ಕು ತಿಂಗಳಿಂದ ಅಲ್ಲೇ ಇದ್ದಾನೆ. ಹಾಸಿಗೆಯೂ ಅದೇ ಕೋಣೆಗೆ ಬಂದಿದೆ. "ಬಾರೇ ತಂತಿ," ಎಂದ, ಎರಡು ಶಬ್ದದ ನಡುವೆ ಒಮ್ಮೆ ಉಸಿರು ತೆಗೆದುಕೊಂಡು. ತಂತಿ ಎನ್ನುವುದು ಅವಳ ಕೆಲಸ ನೋಡಿ ಅವನಿಟ್ಟ ಹೆಸರು. ಅವನು ಈಜು ಕಲಿಸುವ ಮೇಷ್ಟ್ರು. ಕೊಳದ ಈ ದಡದಲ್ಲಿ ನಿಂತು ಆ ದಡದ ಮಕ್ಕಳಿಗೆ ಬೈದರೆ ರಸ್ತೆಯಲ್ಲಿ ಹೋಗುವವರು ತಮಗೇ ಬೈದದ್ದೆಂದು ತಿರುಗಿ ನೋಡುತ್ತಿದ್ದರು. ಸೀಟಿ ಕತ್ತಿನಲ್ಲಿ ಅಲಂಕಾರಕ್ಕೆ ಮಾತ್ರ. ಈಗ ಅವನ ಮಾತು ತುಂಡು ತುಂಡಾಗಿ ಬರುತ್ತದೆ, ಬಚ್ಚಲಿಗೆ ಹೋಗಿ ಬಂದರೆ ಕಾಲು ಗಂಟೆ ಸುಧಾರಿಸಿಕೊಳ್ಳಬೇಕು. ಹೃದಯದ ಎಡಗಡೆಯ ಗೋಡೆಯಲ್ಲಿ ಅರ್ಧದಷ್ಟು ಸತ್ತುಹೋಗಿದೆ ಎಂದು ಡಾಕ್ಟರು ಅವನಿಗೆ ಹೇಳಿಯಾಗಿದೆ. ಇವನು ಅದನ್ನು ಬೇರೆ ಯಾರದೋ ಮನೆಯ ಗೋಡೆಯ ವಿಷಯ ಎಂಬಂತೆ ಬಂದವರಿಗೆಲ್ಲ ಹೇಳುತ್ತಾನೆ. ಹೇಳಿ ಸುಮ್ಮನಿದ್ದರೆ ಅವಳೂ ಬದುಕಬಹುದಿತ್ತು. "ನಿನ್ನೆ ಕೊಳದ ಮ್ಯಾನೇಜರ್ ಬಂದಿದ್ದ," ಎಂದ ಅಣ್ಣ. "ಮೊದಲೇ ತೋರಿಸ್ಕೋಬಾರ್ದಿತ್ತಾ ಅಂದ. ನಾನು ಬಿಡ್ತೀನಾ? ಅಯ್ಯಾ, ಅಟ್ಯಾಕ್ ಆಗೋ ಎರಡು ದಿನ ಮುಂಚೆ... ನನ್ನ ತಂಗೀನೇ ಇಸಿಜಿ ತೆಗೆದಿದ್ಲು... ಕನ್ನಡಿ ಹಾಗಿತ್ತು. ಹೃದಯಾನೇ ಕಳ್ಳ ಆದ್ರೆ ಅವಳೇನು ಮಾಡ್ತಾಳೆ ಅಂದೆ." ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು, "ಪಾಪ, ಅವಳು ಊಟ ಮಾಡಲಿ, ಆಮೇಲೆ ಹೊಗಳುವಿರಂತೆ," ಎಂದಳು. ಅವಳು ನಕ್ಕಳು. ನಗದಿದ್ದರೆ ಯಾಕೆ ಎಂದು ಕೇಳುತ್ತಾರೆ.

ಊಟಕ್ಕೆ ಕೂತರು. ಎದುರಿಗೆ ಕೂತ ಬುಗುರಿ ಊಟದ ನಡುವೆ ಎರಡು ಸಲ ಎದ್ದು ಒಂದು ಸುತ್ತು ಹೊಡೆದು ಬಂದಳು. ಈ ಹೆಸರಿಟ್ಟವನು ಅಪ್ಪ, ಹುಟ್ಟಿದಾಗಿನಿಂದ ಒಂದು ಕಡೆ ನಿಂತವಳಲ್ಲ ಎಂದು. ಇಸಿಜಿ ತೆಗೆದ ಆ ದಿನ ಅಣ್ಣ ಆಸ್ಪತ್ರೆಗೆ ಬಂದದ್ದೂ ಹೀಗೇ ಊಟದ ಹೊತ್ತಿಗೆ, ಕತ್ತಿನಲ್ಲಿ ಸೀಟಿ ನೇತಾಡಿಸಿಕೊಂಡು. "ಏ ತಂತಿ, ಎದೆ ಯಾಕೋ ಹಿಡ್ಕೊಂಡ ಹಾಗಿದೆ, ನಿನ್ನ ಡಬ್ಬಿ ಹಚ್ಚು ನೋಡೋಣ." ಕೆಲಸ ಕಲಿಯಲು ಬಂದ ಇಬ್ಬರು ಹುಡುಗಿಯರ ಮುಂದೆ. ಅವಳಿಗೆ ಉರಿದುಹೋಯಿತು. ಮಲಗು ಎಂದರೆ ಮಲಗಿದ, ಸುಮ್ಮನಿರು ಎಂದರೆ ಇರಲಿಲ್ಲ. ನಿಮ್ಮ ಮೇಡಂ ಚಿಕ್ಕವಳಿದ್ದಾಗ ಈಜು ಕಲಿಯಲು ಬಂದು ಅರ್ಧ ಕೊಳ ಕುಡಿದು ಹೋಗಿದ್ದಳು ಎಂದು ಹುಡುಗಿಯರಿಗೆ ಹೇಳಿ ನಗಿಸುತ್ತಲೇ ಇದ್ದ. ಕಾಗದ ಹೊರಗೆ ಬಂತು. ಗೆರೆ ಮೇಲೆ ಹೋದರೆ ಕೆಳಗೆ ತನ್ನ ನೆಲಕ್ಕೆ ಇಳಿಯಬೇಕು. ಎದೆಯ ನಡುವಿನ ಮೂರು ತಂತಿಗಳಲ್ಲಿ ಅದು ಇಳಿದಿರಲಿಲ್ಲ, ನೆಲ ಬಿಟ್ಟು ಮೇಲೆಯೇ ನಿಂತಿತ್ತು. ನಗುತ್ತಿದ್ದಾನಲ್ಲ, ಎದೆಗೆ ತಂತಿ ಕಚ್ಚಿಸುವ ರಬ್ಬರಿನ ಬಟ್ಟಲು ಜಾರಿರಬೇಕು ಎನ್ನುವುದು ಅವಳ ಮೊದಲ ಯೋಚನೆ. ಎರಡನೆಯ ಯೋಚನೆ ಅದರ ಬೆನ್ನಿಗೇ ಬಂದು ನಿಂತಿತ್ತು; ಅದಕ್ಕೆ ಅವಳು ಮುಖ ಕೊಡಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಡ್ಯೂಟಿ ಡಾಕ್ಟರು ನೆನಪಾದರು.

ಡ್ಯೂಟಿ ಡಾಕ್ಟರಿಗೆ ಅವಳಿಗಿಂತ ಹನ್ನೆರಡು ವರ್ಷ ಕಡಿಮೆ ವಯಸ್ಸು. ಅದರ ಹಿಂದಿನ ವಾರ ಯಾರೋ ನಡುಗುವ ಮುದುಕನ ಕಾಗದವನ್ನು ಬೆಳಕಿಗೆ ಹಿಡಿದು, ಸಾಲಿನಲ್ಲಿ ಕೂತ ರೋಗಿಗಳೆಲ್ಲ ಕೇಳುವಂತೆ, "ಏನ್ರೀ ಇದು, ಹೃದಯದ ಗೆರೇನೋ ಭೂಕಂಪದ ಗೆರೇನೋ? ಇಷ್ಟು ವರ್ಷ ಏನು ಮಾಡ್ತಿದ್ರಿ ಇಲ್ಲಿ?" ಎಂದಿದ್ದರು. ಹುಡುಗಿಯರಲ್ಲಿ ಒಬ್ಬಳು ತೋಳಿಗೆ ಬಾಯಿ ಒತ್ತಿ ನಕ್ಕಿದ್ದನ್ನು ಅವಳು ನೋಡಿದ್ದಳು. ಅವತ್ತು ರಾತ್ರಿ ಊಟ ಸೇರಿರಲಿಲ್ಲ. ಅಂಥವರ ಕೈಗೆ, ಅದೂ ಸಾಲು ತಪ್ಪಿಸಿ ಒಳಗೆ ಬಿಟ್ಟುಕೊಂಡ ಸ್ವಂತ ಅಣ್ಣನದು, ಹೀಗೆ ಗೆರೆ ತೇಲುವ ಕಾಗದ ಕೊಡುವುದೇ? ಅವಳು ಜೆಲ್ಲು ಒರೆಸಿದಳು, ಎದೆಯ ಕೂದಲು ಬೋಳಿಸಿದಳು, ಹುಡುಗಿಯರನ್ನು ಮುಂದಿನ ರೋಗಿಯನ್ನು ಕರೆತರಲು ಅಟ್ಟಿದಳು, ಬಟ್ಟಲುಗಳನ್ನು ಒಂದೊಂದಾಗಿ ಮತ್ತೆ ಕೂರಿಸಿದಳು. ಅಷ್ಟಕ್ಕೆ ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷದಲ್ಲಿ ಅಣ್ಣ, "ಹೋಯ್ತು ಕಣೇ ನೋವು, ನಿನ್ನ ಕೈಗುಣ," ಎಂದ. ಎರಡನೆಯ ಕಾಗದದಲ್ಲಿ ಗೆರೆಗಳು ನೆಲಕ್ಕಿಳಿದು ತೆಪ್ಪಗೆ ಕೂತಿದ್ದವು.

ಕಲಿಯಲು ಬಂದವರಿಗೆ ಮೊದಲ ದಿನ ಅವಳು ಹೇಳಿಕೊಡುವುದೇ ಇದು: ಒಂದು ಕಾಗದವನ್ನೂ ಎಸೆಯಬೇಡಿ. ಎರಡು ಕಾಗದ ಬೇರೆ ಬೇರೆ ಬಂದರೆ ಆ ವ್ಯತ್ಯಾಸವೇ ಸುದ್ದಿ. ವೇಳೆ ಬರೆದು ಎರಡನ್ನೂ ಪಿನ್ ಮಾಡಿ ಕೊಡಿ. ಈ ಮಾತನ್ನು ಅವಳು ನೂರು ಸಲ ಹೇಳಿದ್ದಾಳೆ, ತನ್ನ ವಿದ್ಯೆಯ ಬಗ್ಗೆ ಒಂದಿಷ್ಟು ಜಂಬದಿಂದಲೇ. ಹೇಳಿದ ಬಾಯಿ ಬೇರೆ, ಹರಿದ ಕೈ ಬೇರೆ ಎನ್ನಲು ಬರುವುದಿಲ್ಲ. ಮೊದಲ ಕಾಗದವನ್ನು ನಾಲ್ಕು ತುಂಡು ಮಾಡಿ ಜೆಲ್ಲು ಒರೆಸಿದ ಹತ್ತಿಯ ಕೆಳಗೆ ಹಾಕಿದಳು. ಆ ಹಳೆಯ ಮೆಷಿನ್ನು ಬರೆದುಕೊಟ್ಟದ್ದನ್ನು ತಾನು ನೆನಪಿಟ್ಟುಕೊಳ್ಳುವುದಿಲ್ಲ. ಡಾಕ್ಟರು ಎರಡನೆಯದನ್ನು ನೋಡಿ, "ನಾರ್ಮಲ್. ಗ್ಯಾಸ್ ಇರ್ಬೇಕು," ಎಂದರು, ಮತ್ತೆ, ಕಾಗದ ವಾಪಸು ಕೊಡುತ್ತಾ, "ನೋಡಿ, ಹೀಗೆ ಬರ್ಬೇಕು ಗೆರೆ," ಎಂದರು. ಆ ಸಂಜೆ ಅವಳು ಖುಷಿಯಾಗಿದ್ದಳು. ಬಸ್ಸಿಳಿದು ಮನೆಗೆ ನಡೆಯುವಾಗ ಒಂದು ಹಾಡನ್ನು ಗುನುಗಿದ್ದು ಕೂಡ ನೆನಪಿದೆ. ಎರಡು ದಿನದ ಮೇಲೆ ಅಣ್ಣ ಕೊಳದ ದಡದಲ್ಲಿ ಬಿದ್ದ. ಹರಿದ ಕಾಗದಕ್ಕಿಂತ ಆ ಗುನುಗಿದ ಹಾಡು ಅವಳನ್ನು ಹೆಚ್ಚು ಚುಚ್ಚುತ್ತಿತ್ತು.

"ಅತ್ತೆ, ಬಾ. ಇಲ್ಲಿ ಅಪ್ಪ ಎಲ್ಲದಕ್ಕೂ ಬಾಯಿ ಹಾಕ್ತಾನೆ," ಎಂದು ಬುಗುರಿ ಅವಳ ಕೈ ಹಿಡಿದು ಒಳಕೋಣೆಗೆ ಎಳೆದುಕೊಂಡು ಹೋದಳು. ನೆಲದ ಮೇಲೆ ಬಣ್ಣದ ಪೆನ್ಸಿಲುಗಳು, ಒಂದು ದೊಡ್ಡ ಬಿಳಿ ಹಾಳೆ. ಹಾಳೆಯಲ್ಲಿ ಆಗಲೇ ಒಂದು ಕೆಂಪು ಹೃದಯವಿತ್ತು, ಅಂಗಡಿಯ ಶುಭಾಶಯ ಪತ್ರಗಳಲ್ಲಿ ಇರುವಂಥದ್ದು.

"ಹೀಗಿರಲ್ಲ ಅದು," ಎಂದಳು ಅವಳು. ಕೆಲಸದ ಮಾತು ಬಂದದ್ದೇ ಅವಳಿಗೆ ಸ್ವಲ್ಪ ಉಸಿರಾಡಿದಂತಾಯಿತು. "ಮುಷ್ಟಿ ಹಿಡಿ ನೋಡೋಣ. ಹಾಂ, ಹೆಚ್ಚುಕಮ್ಮಿ ಇಷ್ಟೇ ನಿನ್ನ ಹೃದಯ."

"ಇಷ್ಟೇನಾ?" ಬುಗುರಿಗೆ ಮೋಸವಾದಂತೆ ಕಂಡಿತು. "ಒಳಗೇನಿದೆ?"

"ನಾಲ್ಕು ರೂಮು. ಮೇಲೆರಡು, ಕೆಳಗೆರಡು. ರಕ್ತ ಮೇಲಿನ ರೂಮಿಗೆ ಬರತ್ತೆ, ಕೆಳಗಿನ ರೂಮಿಗೆ ಇಳಿಯತ್ತೆ, ಅಲ್ಲಿಂದ ಹೊರಗೆ. ನಡುವೆ ಬಾಗಿಲಿದೆ. ಅದು ಒಂದೇ ಕಡೆ ತೆಗೆಯತ್ತೆ. ವಾಪಸ್ ಹೋಗೋ ಹಾಗಿಲ್ಲ."

"ಮೇಲಿನ ರೂಮಲ್ಲಿ ಏನಾದ್ರೂ ಮರೆತು ಬಂದಿದ್ರೆ?"

"ರಕ್ತ ಏನು ಮರೆಯತ್ತೆ?"

"ವಾಟರ್ ಬಾಟಲು," ಎಂದಳು ಬುಗುರಿ. ವಾರಕ್ಕೊಂದನ್ನು ಶಾಲೆಯಲ್ಲಿ ಮರೆತು ಬಂದು ಬೈಸಿಕೊಳ್ಳುವುದು ಅವಳ ಕಷ್ಟ.

"ಮರೆತ್ರೂ ಚಿಂತೆಯಿಲ್ಲ. ಮೈಯೆಲ್ಲ ಒಂದು ಸುತ್ತು ಹಾಕಿ ಮತ್ತೆ ಅದೇ ರೂಮಿಗೆ ಬರತ್ತೆ. ಒಂದೇ ನಿಮಿಷದಲ್ಲಿ."

ಬುಗುರಿ ಹಾಳೆಯ ಹಿಂಬದಿಯಲ್ಲಿ ನಾಲ್ಕು ರೂಮು ಬರೆದು ಬಾಗಿಲಿಟ್ಟಳು. ಕೆಳಗಿನ ಎಡಗಡೆ ರೂಮಿನ ಗೋಡೆಯನ್ನು ದಪ್ಪಗೆ ಬರೆಯಬೇಕು, ಮೈಯೆಲ್ಲಕ್ಕೂ ತಳ್ಳುವುದು ಅದೇ ಎಂದು ಅತ್ತೆ ಹೇಳಿದಳು. ಹೇಳಿ ನಾಲಿಗೆ ಕಚ್ಚಿಕೊಂಡಳು. ಬುಗುರಿ ನಾಲಿಗೆಯನ್ನು ತುಟಿಯ ಮೂಲೆಗೆ ತಂದುಕೊಂಡು ಆ ಗೋಡೆಗೆ ಕೆಂಪು ತುಂಬತೊಡಗಿದಳು, ಅರ್ಧ ತುಂಬಿದ ಮೇಲೆ ಪೆನ್ಸಿಲು ನಿಂತಿತು. "ಅಪ್ಪಂದು ಇದೇ ಅಲ್ವಾ ಸತ್ತಿದ್ದು?"

"ಹೂಂ. ಹೃದಯಾನೂ ಊಟ ಮಾಡ್ಬೇಕಲ್ಲ ಪುಟ್ಟಾ, ಅದಕ್ಕೇ ಅಂತ ಸಣ್ಣ ಸಣ್ಣ ಪೈಪುಗಳಿವೆ. ಒಂದು ಪೈಪು ಕಟ್ಟಿಕೊಳ್ತು. ಆ ಜಾಗಕ್ಕೆ ಊಟ ಸಿಗಲಿಲ್ಲ."

"ಮತ್ತೆ ಬೆಳೆಯಲ್ವಾ? ಉಗುರು ಬೆಳೆಯತ್ತಲ್ಲ."

"ಇಲ್ಲ."

ಮುಂದಿನ ಕೋಣೆಯಿಂದ ಅಣ್ಣನ ಕೆಮ್ಮು ಕೇಳಿಸಿತು, ಆಮೇಲೆ ಅತ್ತಿಗೆ ನೀರು ಕೊಡುವ ಸದ್ದು. ಕೆಮ್ಮು ನಿಲ್ಲುವವರೆಗೆ ಇಬ್ಬರೂ ಸುಮ್ಮನಿದ್ದರು. ಈ ಮನೆಯಲ್ಲಿ ಎಲ್ಲರೂ ಹಾಗೆ ಮಾಡುವುದನ್ನು ಕಲಿತಿದ್ದರು. "ಬಡಿ ಅಂತ ಯಾರು ಹೇಳ್ತಾರೆ ಅದಕ್ಕೆ?" ಎಂದು ಬುಗುರಿ ಕೇಳಿದಳು. ಯಾರೂ ಹೇಳುವುದಿಲ್ಲ, ಮೇಲಿನ ಬಲಗಡೆಯ ರೂಮಿನ ಗೋಡೆಯಲ್ಲಿ ಒಂದು ಸಣ್ಣ ಜಾಗವಿದೆ, ಅಲ್ಲೇ ಒಂದು ಚೂರು ಕರೆಂಟು ಹುಟ್ಟುತ್ತದೆ, ಅದು ಗೋಡೆಗಳಲ್ಲಿ ಹರಿದು ಎಲ್ಲ ರೂಮನ್ನೂ ಅಮುಕಿಸುತ್ತದೆ. ಶಾಕ್ ಹೊಡೆಯುವುದಿಲ್ಲ, ಅಷ್ಟು ಸಣ್ಣದು. ಆದರೆ ಚರ್ಮದವರೆಗೂ ಬರುತ್ತದೆ, ಅದನ್ನು ಹಿಡಿದು ಬರೆಯುವುದೇ ಅತ್ತೆಯ ಮೆಷಿನ್ನು. ಇಷ್ಟನ್ನು ಹೇಳುವಾಗ ಅವಳಿಗೆ ತನ್ನ ಧ್ವನಿ ಇಷ್ಟವಾಯಿತು. ಎಂಥ ಒಳ್ಳೆಯ ಅತ್ತೆ, ಎಷ್ಟು ಚೆನ್ನಾಗಿ ಹೇಳಿಕೊಡುತ್ತಾಳೆ. ಮುಂದಿನ ಪ್ರಶ್ನೆ ಯಾವುದೆಂದು ಬಸ್ಸು ಹತ್ತುವ ಮೊದಲೇ ಅವಳಿಗೆ ಗೊತ್ತಿತ್ತು.

"ಮೆಷಿನ್ ಸುಳ್ಳು ಹೇಳತ್ತಾ?"

"ಇಲ್ಲ."

"ಮತ್ತೆ ಅಪ್ಪಂದು ಯಾಕೆ ಹೇಳಲಿಲ್ಲ?"

ಉತ್ತರಗಳು ಇರಲಿಲ್ಲವೆಂದಲ್ಲ. ಕೆಲವು ಸಲ ಕಾಗದ ಸರಿಯಾಗಿದ್ದೂ ಪೈಪು ಕಟ್ಟಿಕೊಳ್ಳುವುದುಂಟು, ಅದು ನಿಜವೇ; ದೊಡ್ಡ ದೊಡ್ಡ ಡಾಕ್ಟರುಗಳೇ ಹೇಳುತ್ತಾರೆ. ಅದನ್ನು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಬುಗುರಿ ಮುಖವೆತ್ತಿ ನೋಡುತ್ತಿದ್ದಳು, ಮೂಗಿನ ಮೇಲೆ ಕೆಂಪು ಬಣ್ಣ ಹತ್ತಿತ್ತು. ಈ ಮಗು ನಾಳೆ ಮೂವತ್ತು ಮಕ್ಕಳ ಮುಂದೆ ನಿಂತು ತಾನು ಹೇಳಿಕೊಟ್ಟದ್ದನ್ನು ಹೇಳುತ್ತದೆ, ಮೂವತ್ತು ಮಕ್ಕಳೂ ಅದನ್ನು ನಂಬುತ್ತಾರೆ. "ಒಂದೂರಲ್ಲಿ ಒಬ್ಬ ಹೆಂಗಸಿದ್ಲು," ಎಂದು ಶುರುಮಾಡಿದಳು ಅವಳು, ಕತೆಯ ಧ್ವನಿಯಲ್ಲಿ. ತನ್ನ ಹೇಡಿತನಕ್ಕೆ ಅವಳಿಗೇ ಹೇಸಿಗೆಯಾಯಿತು. ಆದರೂ ಮುಂದುವರಿಸಿದಳು. ಅವಳ ಹತ್ತಿರ ಒಂದು ಮೆಷಿನ್ ಇತ್ತು. ಒಂದು ದಿನ ಮೆಷಿನ್ನು ಒಂದು ಕಾಗದದಲ್ಲಿ, ಇವರಿಗೆ ಹುಷಾರಿಲ್ಲ, ಬೇಗ ನೋಡಿ ಅಂತ ಬರೆದುಕೊಟ್ಟಿತು. ಆ ಹೆಂಗಸು ನೋಡಿದಳು. ಸರಿಯಾಗಿ ಬರಲಿಲ್ಲವೇನೋ ಅಂತ ಇನ್ನೊಂದು ತೆಗೆದಳು. ಅದು ಚೆನ್ನಾಗಿ ಬಂತು. ಚೆನ್ನಾಗಿರುವುದನ್ನು ಡಾಕ್ಟರಿಗೆ ಕೊಟ್ಟು, ಮೊದಲನೆಯದನ್ನು...

"ಯಾಕೆ ಹರಿದುಹಾಕ್ದೆ ಅತ್ತೆ?" ಎಂದಳು ಬುಗುರಿ.

ಹರಿದಳು ಎಂದು ಅವಳಿನ್ನೂ ಹೇಳಿರಲಿಲ್ಲ. ಆ ಹೆಂಗಸು ಯಾರೆಂದೂ ಬುಗುರಿ ಕೇಳಲಿಲ್ಲ. ಕೇಳುವ ಅಗತ್ಯವಿದೆಯೆಂದೇ ಆ ಮಗುವಿಗೆ ತೋರಲಿಲ್ಲ. "ಬೈತಾರೆ ಅಂತ," ಎಂದಳು ಅವಳು. ನಾಲ್ಕು ತಿಂಗಳು ಒಳಗೇ ಕೂತು ಕೊಳೆತದ್ದು ಹೊರಗೆ ಬಂದಾಗ ಎರಡೇ ಶಬ್ದವಾಗಿತ್ತು.

"ಯಾರು?"

"ಡಾಕ್ಟರು."

ಬುಗುರಿ ತಲೆಯಾಡಿಸಿದಳು. ಅವಳಿಗೆ ಪೂರ್ತಿ ಅರ್ಥವಾಗಿತ್ತು. "ನಾನೂ ಅಷ್ಟೇ. ಕಾಪಿ ಗಲೀಜಾದ್ರೆ ಮಿಸ್ ನೋಡೋ ಮುಂಚೆ ಹಾಳೆ ಹರಿದುಬಿಡ್ತೀನಿ," ಎಂದಳು, ಸಮಾಧಾನ ಹೇಳುವ ಧ್ವನಿಯಲ್ಲಿ. ನಲವತ್ತೆರಡು ವರ್ಷದವಳಿಗೆ ಏಳು ವರ್ಷದ್ದು ತನ್ನ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಿತ್ತು. ನೆಲ ಬಿರಿದು ನುಂಗಬಾರದೇ ಅನ್ನಿಸಿತು ಅವಳಿಗೆ. "ಅಪ್ಪಂಗೆ ಗೊತ್ತಾ?" ಎಂದು ಬುಗುರಿ ದನಿ ತಗ್ಗಿಸಿ ಕೇಳಿದಳು. ಅವಳು ಇಲ್ಲವೆಂದು ತಲೆಯಾಡಿಸಿದಳು. ಹೇಳಬೇಡ ಎನ್ನಲು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಅತ್ತಿಗೆ ಕಾಫಿಗೆ ಕರೆದಳು. ಆ ಮಾತು ಆಡಲಿಲ್ಲವಲ್ಲ ಎಂದು ಅವಳು ಆಮೇಲೆ ತನಗೆ ತಾನು ಹೇಳಿಕೊಳ್ಳಬಹುದಿತ್ತು, ತೆರೆದ ಬಾಯಿಯನ್ನು ಮಗು ನೋಡದೇ ಇದ್ದಿದ್ದರೆ.

ಮುಂದಿನ ಕೋಣೆಯಲ್ಲಿ ಬಿಸಿಲು ಗೋಡೆಯಿಂದ ಇಳಿದು ಅಣ್ಣನ ಕಾಲಮೇಲಿನ ಹೊದಿಕೆಗೆ ಬಂದಿತ್ತು. "ಎಲ್ಲಿ, ನಮ್ಮ ಮುಂದೆ ಒಂದ್ಸಲ ಆಗ್ಲಿ," ಎಂದ ಅವನು, ಫೋನಿನಲ್ಲಿ ಎರಡು ನಿಮಿಷದ ಗಡಿಯಾರವಿಟ್ಟು. ಸ್ಪರ್ಧೆಗೆ ಮಕ್ಕಳನ್ನು ಬಿಡುವಾಗಿನ ಹುಮ್ಮಸ್ಸೇ. ಅತ್ತಿಗೆ ಲೋಟ ಹಿಡಿದು ಬಾಗಿಲಿಗೆ ಒರಗಿದಳು. ಅವಳು ತನ್ನ ಲೋಟದೊಂದಿಗೆ ಅಣ್ಣನ ಹಾಸಿಗೆಯ ತುದಿಯಲ್ಲಿ ಕೂತಳು. ಕಾಫಿ ಕೈಯಲ್ಲೇ ಉಳಿಯಿತು. ಓಡಿಹೋಗಲು ಇನ್ನೂ ಕಾಲವಿತ್ತು, ಬಸ್ಸಿನ ಹೊತ್ತಾಯಿತು ಎಂದರೆ ಸಾಕು. ಹೋಗಲಿಲ್ಲ. ಮಗು ಹೇಳಿಬಿಡಲಿ ಎಂದು ಅವಳು ಆಸೆಪಡುತ್ತಿದ್ದಳು. ತನ್ನ ಬಾಯಿಂದ ಆಗದ್ದು ಬುಗುರಿಯ ಬಾಯಿಂದ ಆಗಿಹೋಗಲಿ, ಆಮೇಲೆ ಆದದ್ದಾಗಲಿ. ಅಷ್ಟು ದೊಡ್ಡದನ್ನು ಆ ಸಣ್ಣ ತಲೆಯ ಮೇಲೆ ಹೊರಿಸಿ ತಾನು ಕಾಫಿ ಲೋಟ ಹಿಡಿದು ಕೂತಿದ್ದೇನೆ ಎನ್ನುವುದು ಅವಳಿಗೆ ಗೊತ್ತಿತ್ತು.

"ಎಲ್ಲರಿಗೂ ನಮಸ್ಕಾರ," ಎಂದಳು ಬುಗುರಿ. "ನನ್ನ ಹೃದಯ ನನ್ನ ಮುಷ್ಟಿಯಷ್ಟಿದೆ..."

"ಜೋರಾಗಿ," ಎಂದ ಅಣ್ಣ. "ಆ ದಡಕ್ಕೆ... ಕೇಳ್ಬೇಕು."

ಬುಗುರಿ ಜೋರು ಮಾಡಿದಳು. ನಾಲ್ಕು ರೂಮು ಬಂತು, ಒಂದೇ ಕಡೆ ತೆಗೆಯುವ ಬಾಗಿಲು ಬಂತು, ರಕ್ತ ವಾಟರ್ ಬಾಟಲು ಮರೆತರೂ ಒಂದೇ ನಿಮಿಷದಲ್ಲಿ ವಾಪಸ್ ಬರುತ್ತದೆ ಎನ್ನುವುದು ಬಂತು. ಅಣ್ಣ ನಕ್ಕ, ನಕ್ಕದ್ದಕ್ಕೆ ಸುಧಾರಿಸಿಕೊಂಡ. ಶಾಕ್ ಹೊಡೆಯದ ಕರೆಂಟು ಬಂತು. "ಆ ಕರೆಂಟನ್ನ ಒಂದು ಮೆಷಿನ್ ಕಾಗದದ ಮೇಲೆ ಬರೆಯತ್ತೆ. ನಮ್ಮ ಅತ್ತೆ ಹತ್ರ ಆ ಮೆಷಿನ್ ಇದೆ. ಮೆಷಿನ್..." ಬುಗುರಿ ನಿಂತಳು. ಒಂದು ಕಡೆ ನಿಲ್ಲದವಳು ಕಾಲುಗಳನ್ನು ಜೋಡಿಸಿ ಅಲುಗಾಡದೆ ನಿಂತು ಅತ್ತೆಯ ಮುಖ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, ಸ್ಪಷ್ಟವಾಗಿ, ಜೋರಾಗಿ ಹೇಳಿದಳು: "ಮೆಷಿನ್ನಿಗೂ ಒಂದೊಂದ್ಸಲ ಗೊತ್ತಾಗಲ್ಲ. ನಮ್ಮ ಅಪ್ಪಂಗೆ ಹಾಗೇ ಆಯ್ತು. ಅತ್ತೆ ಸರಿಯಾಗೇ ತೆಗೆದಿದ್ರು. ಧನ್ಯವಾದಗಳು."

ಅಣ್ಣ ಚಪ್ಪಾಳೆ ತಟ್ಟಿದ. ಅತ್ತಿಗೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಬುಗುರಿ ಯಾರನ್ನೂ ನೋಡದೆ ಫ್ರಾಕಿನ ಅಂಚನ್ನು ಸುರುಳಿ ಸುತ್ತುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. ಆ ಕಿವಿಯನ್ನು ನೋಡಿದಾಗ ಅತ್ತೆಗೆ ತಾನು ಈ ಮಧ್ಯಾಹ್ನ ಏನು ಹೇಳಿಕೊಟ್ಟೆನೆಂದು ತಿಳಿಯಿತು. ಹೃದಯದ ಪಾಠದ ಜೊತೆ ಇನ್ನೊಂದನ್ನೂ ಮಗು ಕಲಿತಿತ್ತು, ಅದನ್ನೂ ಅಷ್ಟೇ ಚೆನ್ನಾಗಿ. ಬಾಯಿ ಬಿಟ್ಟು ಒಂದು ಮಾತು ಹೇಳುವ ಅಗತ್ಯವೂ ಬಿದ್ದಿರಲಿಲ್ಲ.

"ಇನ್ನೂ ಇಪ್ಪತ್ತು ಸೆಕೆಂಡು ಉಳೀತು," ಎಂದ ಅಣ್ಣ ಫೋನು ನೋಡಿ. "ಇನ್ನೊಂದೆರಡು ಮಾತು... ಸೇರಿಸಬಹುದು. ಏನಾದ್ರೂ ಹೇಳ್ಕೊಡೇ ತಂತಿ."

"ಅದು ತಪ್ಪು," ಎಂದಳು ಅವಳು. ಲೋಟವನ್ನು ನೆಲದ ಮೇಲಿಟ್ಟಳು. "ಬುಗುರಿ ಕೊನೇಗೆ ಹೇಳಿದ್ದು ತಪ್ಪು. ಮೆಷಿನ್ನಿಗೆ ಗೊತ್ತಾಗಿತ್ತು ಅಣ್ಣ. ಮೊದಲನೇ ಕಾಗದದಲ್ಲಿ ಬಂದಿತ್ತು, ಮೂರು ತಂತೀಲಿ. ನಾನು ನೋಡ್ದೆ. ಡಾಕ್ಟ್ರು ಮತ್ತೆ ನಗೆಪಾಟಲು ಮಾಡ್ತಾರೆ ಅಂತ ಹರಿದುಹಾಕಿ ಇನ್ನೊಂದು ತೆಗೆದೆ. ನೀನು ಹತ್ತು ನಿಮಿಷ ಮಲಗಿದ್ಯಲ್ಲ, ಆಗ. ಎರಡನ್ನೂ ಕೊಟ್ಟಿದ್ರೆ ನಿನ್ನನ್ನ ಅವತ್ತೇ ಅಡ್ಮಿಟ್ ಮಾಡ್ಕೋತಿದ್ರು."

ಅತ್ತಿಗೆಯ ಕೈ ಸೆರಗಿನಲ್ಲೇ ನಿಂತಿತು. ಅಣ್ಣ ಅವಳನ್ನೇ ನೋಡುತ್ತಿದ್ದ, ಮೊದಲು ತಮಾಷೆಯ ಮಾತಿಗೆ ಕಾದವನ ಹಾಗೆ, ಆಮೇಲೆ ಹಾಗಲ್ಲ. ಅವನ ಕೈ ತಾನೇ ತಾನಾಗಿ ಎದೆಯ ಮೇಲೆ, ಅವತ್ತು ಅವಳು ಕೂದಲು ಬೋಳಿಸಿದ ಜಾಗಕ್ಕೆ ಬಂತು. "ಬುಗುರಿ, ಒಳಗೆ ಹೋಗು," ಎಂದ.

ಬುಗುರಿ ಹೋಗಲಿಲ್ಲ. ಅತ್ತೆಯ ಮುಂದೆ ಬಂದು ಅಡ್ಡ ನಿಂತಳು. "ಬೈಬೇಡಪ್ಪ," ಎಂದಳು. "ಅವಳಿಗೆ ಬೈಸ್ಕೊಳ್ಳೋದು ಅಂದ್ರೆ ತುಂಬ ಭಯ."

ಬೈಯಲಿ ಎಂದು ಅವಳು ತಲೆ ತಗ್ಗಿಸಿ ಕಾದಳು. ರಸ್ತೆಯವರೆಲ್ಲ ತಿರುಗಿ ನೋಡುವಂತೆ, ಕೇರಿಗೆಲ್ಲ ಕೇಳುವಂತೆ ಬೈದುಬಿಡಲಿ. ಅಣ್ಣ ಬಾಯಿ ತೆರೆದ, ಎದೆ ಒಮ್ಮೆ ಮೇಲೆದ್ದಿತು, ಇನ್ನೊಮ್ಮೆ ಎದ್ದಿತು. ಅಷ್ಟಕ್ಕೆ ಬೇಕಾದ ಉಸಿರು ಅವನಲ್ಲಿ ಇರಲಿಲ್ಲ.